ಸಾಲಿನ ತಲೆಯ ಖಾಲಿ ಜಾಗ

ಕಳೆದ ತಿಂಗಳು ಮಗಳ ಶಾಲೆಯ ಕೆಲಸಕ್ಕೆ ದಪ್ಪ ಕಾಗದ ಬೇಕಾಗಿ ಯಶವಂತಪುರದ ಒಂದು ಅಂಗಡಿಗೆ ಹೋಗಿದ್ದೆ. ಹೊರಗೆ ಬೆಳಗಿನಿಂದ ಬಿಡದ ಮಳೆ. ಅಂಗಡಿಯವನು ಒಳಗಿನಿಂದ ಒಂದು ಕಟ್ಟು ತಂದು ಮೇಜಿನ ಮೇಲೆ ಬಿಚ್ಚಿದ. ತಂಪು ಹಿಡಿದ ದಪ್ಪ ಕಾಗದದ ವಾಸನೆ ಮುಖಕ್ಕೆ ಬಡಿಯಿತು. "ಎಷ್ಟ್ ಹಾಳೆ ಕೊಡ್ಲಿ ಮೇಡಂ?" ಎಂದು ಅವನು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಿದ್ದು ಮೂರನೆಯ ಸಲ. ಅಷ್ಟು ಹೊತ್ತು ನಾನು ಕೆಂಪಾಪುರದ ಆ ಮಹಡಿಯ ಮೇಲೆ, ಶಿವಲೀಲಾ ಬಂದ ವರ್ಷದ ಮಳೆಗಾಲದಲ್ಲಿದ್ದೆ.

ಆ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ಗೊತ್ತಾಗಬೇಕಾದವರಿಗೆಲ್ಲ ಆಗಲೇ ಹೇಳಿದ್ದೇನೆ. ಆದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ, ತಡವರಿಸದೆ, ಯಾರಿಗೂ ಹೇಳಿದ್ದಿಲ್ಲ.

ಕೆಂಪಾಪುರದಲ್ಲಿ, ಏರ್‌ಪೋರ್ಟ್ ರಸ್ತೆಯಿಂದ ಎರಡು ತಿರುವು ಒಳಗೆ, ಒಂದು ಹಳೆಯ ಮನೆಯ ಮೊದಲ ಮಹಡಿಯಲ್ಲಿ ಸಣ್ಣ ಟ್ರಸ್ಟೊಂದು ಬ್ರೈಲ್ ಮುದ್ರಣಾಲಯ ನಡೆಸುತ್ತಿತ್ತು. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕಿಯ ಪುಸ್ತಕಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ನಾನು ಬಿಸಿಎ ಮುಗಿಸಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಅಲ್ಲಿ ಸೇರಿದೆ. ಅಲ್ಲಾಳಸಂದ್ರದ ನಮ್ಮ ಮನೆಯಿಂದ ಒಂದೇ ಬಸ್ಸು. ಕಂಪ್ಯೂಟರ್ ಪೂರ್ತಿ ನನ್ನ ಜವಾಬ್ದಾರಿ. ಬ್ರೈಲ್ ಕಲಿತದ್ದೂ ಅಲ್ಲೇ. ನನ್ನ ಬೆರಳಿಗೆ ಅದು ಹತ್ತಲಿಲ್ಲ, ಆದರೆ ಕಿಟಕಿಯ ಓರೆ ಬೆಳಕಿಗೆ ಹಾಳೆ ಹಿಡಿದರೆ ಚುಕ್ಕಿಗಳನ್ನು ಕಣ್ಣಿನಲ್ಲೇ ಸರಾಗವಾಗಿ ಓದುತ್ತಿದ್ದೆ.

ಕರಡು ತಿದ್ದುವವರು ಗೋವಿಂದಪ್ಪನವರು. ಹುಟ್ಟಿನಿಂದ ಕಣ್ಣಿಲ್ಲ. ಐವತ್ತೆಂಟು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಪುಟ್ಟೇನಹಳ್ಳಿಯಿಂದ ಒಬ್ಬರೇ ಬಸ್ಸು ಹಿಡಿದು ಬರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ನಾನು ಅಚ್ಚಿನ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಅವರು ಬ್ರೈಲ್ ಹಾಳೆಯ ಮೇಲೆ ಬೆರಳು ಹರಿಸುತ್ತಾ ಬರಬೇಕು. ತಪ್ಪು ಸಿಕ್ಕಿದರೆ "ಮಂಜುಳಾ, ನಿಲ್ಸು" ಎನ್ನುತ್ತಿದ್ದರು. ಆ ಒಂದೂವರೆ ಗಂಟೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ ಎಂದು ಆಗ ಒಪ್ಪಿಕೊಳ್ಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿದರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ "ಬಾಮ್ಮಾ ಮಂಜುಳಾ, ಇವತ್ ಬಸ್ಸು ಲೇಟಾ?" ಎನ್ನುತ್ತಿದ್ದರು. ಇಡೀ ಆಫೀಸಿನಲ್ಲಿ ಹೆಜ್ಜೆಯಿಂದ ಅವರು ಗುರುತು ಹಿಡಿಯುತ್ತಿದ್ದದ್ದು ನನ್ನೊಬ್ಬಳನ್ನೇ. ಅದು ನನಗೆ ಸಿಕ್ಕ ಬಿರುದು ಎಂದುಕೊಂಡಿದ್ದೆ.

ಇನ್ನೊಂದು ಹೆಮ್ಮೆ ನನ್ನ ಸ್ಕ್ರಿಪ್ಟು. ನಾನು ಬರುವ ಮೊದಲು ಒಂದೊಂದು ಪುಟವನ್ನೂ ಕೈಯಿಂದ ಕಾಪಿ ಮಾಡಿ ಚುಕ್ಕಿ ಒತ್ತುವ ಯಂತ್ರಕ್ಕೆ ಕಳಿಸುತ್ತಿದ್ದರು. ಸೇರಿದ ವರ್ಷಕ್ಕೆ ನಾನು ಒಂದು ಷೆಲ್ ಸ್ಕ್ರಿಪ್ಟ್, ಎಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಆಜ್ಞೆಗಳ ಪಟ್ಟಿ, ಬರೆದೆ. ಅದು ಟೈಪಾದ ಪುಸ್ತಕವನ್ನು ಒಂದೊಂದೇ ಸಾಲಾಗಿ ಓದಿಕೊಂಡು, ಪುಟ ತುಂಬಿದ ಕೂಡಲೇ ಆ ಪುಟವನ್ನು ಒಂದು ಗೂಡಿನಲ್ಲಿ ಇಡುತ್ತಿತ್ತು. ಹೀಗೆ ಒಂದರ ಪಕ್ಕ ಒಂದು ಗೂಡುಗಳ ಸಾಲು. ಅದಕ್ಕೆ ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಅರೇ ಎನ್ನುತ್ತಾರೆ. ಆಮೇಲೆ ಗೂಡಿನಿಂದ ಪುಟ ತೆಗೆದು, ಪುಟಸಂಖ್ಯೆ ಸೇರಿಸಿ, ಬ್ರೈಲಿಗೆ ತಿರುಗಿಸುವ ತಂತ್ರಾಂಶಕ್ಕೆ ಕೊಡುತ್ತಿತ್ತು. ನಲವತ್ತು ಸಾಲಿನ ಸ್ಕ್ರಿಪ್ಟು. ಆರು ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲ. ಕಥೆ, ಸಮಾಜ, ವಿಜ್ಞಾನ ಎಲ್ಲವೂ ಅದರ ಮೂಲಕವೇ ಹೊರಬಂದಿದ್ದವು. ಟ್ರಸ್ಟಿನ ಕಾರ್ಯದರ್ಶಿ ವಸುಧಾ ಮೇಡಂ ಯಾರಾದರೂ ನೋಡಲು ಬಂದರೆ, "ಇದೆಲ್ಲಾ ನಮ್ ಮಂಜುಳಾದೇ" ಎಂದು ನನ್ನ ಕುರ್ಚಿಯ ಹತ್ತಿರ ಕರೆತರುತ್ತಿದ್ದರು.

ಆ ವರ್ಷ ಜೂನ್ ಮೊದಲ ವಾರದಲ್ಲೇ ಮಳೆ ಹಿಡಿಯಿತು. ನಮಗೆ ಮಳೆ ಎಂದರೆ ಕಾಗದದ ಚಿಂತೆ. ತೇವ ಕುಡಿದ ಕಾಗದದಲ್ಲಿ ಚುಕ್ಕಿ ನೆಟ್ಟಗೆ ಏಳುವುದಿಲ್ಲ. ನಾಲ್ಕು ಮಕ್ಕಳು ಮುಟ್ಟಿದರೆ ಅಡಗಿಹೋಗುತ್ತದೆ. ಕಾಗದದ ಬೀರುವಿನಲ್ಲಿ ಹಗಲೆಲ್ಲಾ ಒಂದು ಬಲ್ಬು ಉರಿಸಿಡುತ್ತಿದ್ದೆವು. ನಾನು ಆ ಬಲ್ಬು ಬದಲಿಸುತ್ತಿದ್ದಾಗಲೇ ಮೇಡಂ ಒಬ್ಬ ಹುಡುಗಿಯನ್ನು ಕರೆತಂದು ನಿಲ್ಲಿಸಿದರು. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಎಣ್ಣೆ ಹಾಕಿದ ಬಿಗಿ ಜಡೆ, ಒದ್ದೆಯಾದ ಚಪ್ಪಲಿ.

"ನಮಸ್ಕಾರ ಅಕ್ಕಾರ. ನಾ ಶಿವಲೀಲಾ. ಬಾಗಲಕೋಟಿ ಕಡೆಯಾಕಿ" ಎಂದಳು.

ಕೆಲಸ ಹೆಚ್ಚಿತ್ತು. ಲೆಕ್ಕದ ಪುಸ್ತಕ ಅದುವರೆಗೆ ಬೇರೆ ಕಡೆಯಿಂದ ಬರುತ್ತಿತ್ತು. ಆ ವರ್ಷ ನಾವೇ ಮಾಡಬೇಕೆಂದು ಕಣ್ಣು ಕಾಣದ ಮಕ್ಕಳ ಶಾಲೆಯೊಂದರವರು ಕೇಳಿದ್ದರು, ಜೊತೆಗೆ ಒಂದು ಪದ್ಯಗಳ ಪುಸ್ತಕ. ಹಾಗಾಗಿ ಕೈಕೆಳಗೆ ಒಬ್ಬರು ಬೇಕೆಂದು ಮೇಡಂ ಬಳಿ ಹಟ ಹಿಡಿದು ಕೇಳಿದ್ದವಳು ನಾನೇ.

ಮೊದಲ ವಾರ ಅವಳು ನನ್ನ ಪಕ್ಕ ಕೂತು ಸ್ಕ್ರಿಪ್ಟನ್ನು ಒಂದೊಂದು ಸಾಲಾಗಿ ಕೇಳಿ ಕಲಿತಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಭಾಳ ಚೊಲೊ ಬರದೀರಿ ಅಕ್ಕಾರ" ಎಂದಳು. ನನಗೆ ಹಿಡಿಸಿದಳು. ಎರಡನೆಯ ವಾರ ನನಗೆ ಶಾಲೆಯವರೊಂದಿಗೆ ಫೋನಿನಲ್ಲಿ ಮಾತು ಮುಗಿಯುತ್ತಿರಲಿಲ್ಲ. "ಇವತ್ತೊಂದಿನ ನೀನು ಓದು" ಎಂದು ಅವಳನ್ನು ಗೋವಿಂದಪ್ಪನವರ ಮುಂದೆ ಕೂರಿಸಿ ಆಚೆ ಕೋಣೆಗೆ ಹೋದೆ. ಫೋನು ಮುಗಿಸಿ ಬಂದರೆ ಬಾಗಿಲಲ್ಲೇ ನಿಂತುಬಿಟ್ಟೆ. ನಾನು ಬರುವ ಮೊದಲು ಕೈಯಿಂದ ಮಾಡಿದ್ದ ಹಳೆಯ ಪದ್ಯಪುಸ್ತಕವೊಂದನ್ನು ಆಗ ಮತ್ತೆ ತಿದ್ದುತ್ತಿದ್ದರು. ಅವಳು ಪದ್ಯವನ್ನು ಓದುತ್ತಿರಲಿಲ್ಲ, ಹಾಡುತ್ತಿದ್ದಳು. ಅವರ ಊರಿನ ಯಾವುದೋ ಧಾಟಿ. ಗೋವಿಂದಪ್ಪನವರ ಬಲಗೈ ಬೆರಳು ಹಾಳೆಯ ಮೇಲೆ, ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಏಳು ವರ್ಷದಲ್ಲಿ ನನ್ನ ಓದಿಗೆ ಆ ಎಡಗೈ ಒಮ್ಮೆಯೂ ಅಲ್ಲಾಡಿದ್ದಿಲ್ಲ.

ಮರುದಿನ ಊಟವಾದ ಮೇಲೆ ನಾನು ಪುಸ್ತಕ ಹಿಡಿದು ಹೋದೆ. ಅವರು ಸಂಕೋಚದಿಂದ ನಕ್ಕು, "ಪದ್ಯ ಮುಗಿಯೋವರ್ಗೂ ಆ ಮಗು ಓದ್ಲಿ ಬಿಡಮ್ಮಾ. ನಿಂಗೂ ಕೆಲ್ಸ ಜಾಸ್ತಿ ಅಲ್ವಾ" ಎಂದರು.

"ಸರಿ ಸರ್, ಒಳ್ಳೇದೇ ಆಯ್ತು" ಎಂದೆ. ನನ್ನ ಕುರ್ಚಿಗೆ ಬಂದು ಕೂತೆ.

ಆಮೇಲೆ ನನ್ನ ಕಿವಿ ಅವಳ ಹಿಂದೆಯೇ. ಅವಳು ನಕ್ಕರೆ ಯಾಕೆ ನಕ್ಕಳು, ಅವರು ನಕ್ಕರೆ ಅವಳೇನು ಹೇಳಿದಳು. ಅವಳು ಡಬ್ಬಿ ತೆರೆದು ಅವರ ತಟ್ಟೆಗೆ ಶೇಂಗಾ ಚಟ್ನಿ ಹಾಕಿದರೆ, ನನ್ನ ಹುರುಳಿಕಾಳಿನ ಬಸ್ಸಾರು ಆ ದಿನ ಉಳಿಯಿತೇ ಎಂದು ಪಾತ್ರೆ ಬಗ್ಗಿಸಿ ನೋಡುತ್ತಿದ್ದೆ. ಒಂದು ಬೆಳಗ್ಗೆ ನಾನೂ ಅವರೂ ಇಬ್ಬರೇ ಇದ್ದಾಗ ಮೆಟ್ಟಿಲ ಮೇಲೆ ಸಪ್ಪಳವಾಯಿತು. "ಶಿವಲೀಲಾ ಬಂದ್ಲು. ಚಪ್ಲಿ ಎಳ್ಕೊಂಡ್ ನಡೀತಾಳೆ ನೋಡು" ಎಂದರು ಗೋವಿಂದಪ್ಪನವರು, ಸಣ್ಣಗೆ ನಗುತ್ತಾ. ನನ್ನ ಹೆಜ್ಜೆ ಗುರುತಿಸಲು ಅವರಿಗೆ ಆರು ತಿಂಗಳು ಹಿಡಿದಿತ್ತು.

ಮನೆಯಲ್ಲೂ ಇದೇ ಮಾತು. ಒಂದು ದಿನ ಗಂಡ ತಟ್ಟೆಯಿಂದ ತಲೆಯೆತ್ತಿ, "ಒಂದ್ ತಿಂಗ್ಳಿಂದ ಊಟಕ್ಕೆ ಕೂತ್ರೆ ಅವಳ್ದೇ ಸುದ್ದಿ ಕಣೇ. ಏನ್ ಮಾಡಿದ್ಲು ನಿಂಗೆ?" ಎಂದ. ಏನೂ ಮಾಡಿರಲಿಲ್ಲ. ಅದೇ ಕಷ್ಟವಾಗಿತ್ತು.

ಜುಲೈ ಹೊತ್ತಿಗೆ ಶಾಲೆಯವರು ಕೇಳಿದ್ದ ಹೊಸ ಪದ್ಯದ ಪುಸ್ತಕದ ಮೊದಲ ಕರಡು ಹೊರಬಂತು. ಗೋವಿಂದಪ್ಪನವರು ಒಂದು ಪುಟ ಮುಟ್ಟಿದರು, ಮತ್ತೆ ಮೇಲಿನಿಂದ ಮುಟ್ಟಿದರು.

"ಏನಮ್ಮಾ ಮಂಜುಳಾ, ಇದು ಪದ್ಯಾನೋ ಗದ್ಯಾನೋ? ಸಾಲೇ ಇಲ್ವಲ್ಲ. ಎಲ್ಲಾ ಒಂದೇ ಉಸಿರಲ್ಲಿ ಓಡ್ತಾ ಇದೆ."

ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ನಿಜ. ನಾಲ್ಕು ಸಾಲಿನ ಪದ್ಯ ಒಂದೇ ಸಾಲಾಗಿ ಅಂಟಿಕೊಂಡು, ತುಂಬಿದಲ್ಲಿ ಮಡಚಿಕೊಂಡು ಹೋಗಿತ್ತು. ನುಡಿಗಳ ನಡುವಿನ ಖಾಲಿ ಸಾಲು ಮಾಯ. "ಟೈಪ್ ಮಾಡೋರು ಸಾಲು ಬಿಟ್ಟಿಲ್ಲ ಅನ್ಸುತ್ತೆ" ಎಂದೆ. ಟೈಪಾದದ್ದನ್ನು ತೆರೆದು ನೋಡಿದರೆ ಸಾಲುಗಳು ಸರಿಯಾಗಿಯೇ ಇದ್ದವು. ಹಾಗಾದರೆ ಬ್ರೈಲ್ ತಂತ್ರಾಂಶದ್ದೇ ತಪ್ಪು ಎಂದೆ. ಎರಡು ದಿನ ಅದರ ಸೆಟ್ಟಿಂಗು ತಿರುಗಿಸುತ್ತಾ ಕಳೆದೆ. ನನ್ನ ಸ್ಕ್ರಿಪ್ಟನ್ನು ಮಾತ್ರ ತೆರೆದು ನೋಡಲಿಲ್ಲ.

ಮೂರನೆಯ ದಿನ ಶಿವಲೀಲಾ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕಾರ, ಒಂದ್ ಮಾತ್ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ" ಎಂದಳು.

"ಹೇಳು."

"ಗೂಡಿನ್ಯಾಗ ಪುಟ ಸರಿಯಾಗೇ ಐತ್ರಿ. ಹೊರಗ ತಗಿಯೂಮುಂದ ಕೆಡ್ತದ. ಅಲ್ಲಿ ಕೋಟ್ ಹಾಕಿಲ್ರಿ."

ನೋಡಿದೆ. ಗೂಡಿನಿಂದ ಪುಟ ತೆಗೆಯುವ ಸಾಲಿನಲ್ಲಿ ಆ ಗೂಡಿನ ಹೆಸರಿನ ಆಚೆ ಈಚೆ ಜೋಡಿ ಉದ್ಧರಣ ಚಿಹ್ನೆ ಇರಬೇಕಿತ್ತು. ಇರದಿದ್ದರೆ ಆ ಆಜ್ಞೆಗಳನ್ನು ನಡೆಸುವ ಷೆಲ್ಲು ಇಡೀ ಪುಟವನ್ನು ಬಿಡಿ ಬಿಡಿ ಪದಗಳಾಗಿ ಒಡೆದು, ನಡುವೆ ಒಂದೊಂದೇ ಜಾಗ ಬಿಟ್ಟು ಮತ್ತೆ ಪೋಣಿಸುತ್ತದೆ. ಸಾಲು ಮುರಿದದ್ದು, ಎರಡು ಮೂರು ಜಾಗ ಬಿಟ್ಟದ್ದು, ಎಲ್ಲ ಹೋಗುತ್ತದೆ. ಗದ್ಯದ ಪುಸ್ತಕಗಳಲ್ಲಿ ಪ್ಯಾರಾ ಶುರುವಾಗುವಲ್ಲಿ ಟೈಪ್ ಮಾಡುವವರು ಒಂದು ಗುರುತು ಹಾಕುತ್ತಿದ್ದರು; ಅದನ್ನು ನೋಡಿ ಬ್ರೈಲ್ ತಂತ್ರಾಂಶವೇ ಸಾಲು ಜೋಡಿಸಿಕೊಳ್ಳುತ್ತಿತ್ತು. ಹಾಗಾಗಿ ಆರು ವರ್ಷ ನನ್ನ ತಪ್ಪು ಯಾರಿಗೂ ಗೊತ್ತಾಗಿರಲಿಲ್ಲ, ನನಗೂ. ಅವಳು ಎರಡು ಚಿಹ್ನೆ ಹಾಕಿದಳು. ಪದ್ಯ ಪದ್ಯವಾಗಿ ಹೊರಬಂತು.

ಗೋವಿಂದಪ್ಪನವರು ಹೊಸ ಹಾಳೆಯ ಮೇಲೆ ಬೆರಳಾಡಿಸಿ, ಖಾಲಿ ಸಾಲು ಬಂದಲ್ಲೆಲ್ಲ ಒಂದು ಕ್ಷಣ ತಡೆದು, "ಆಹಾ" ಎಂದರು. "ಯಾರ್ ಸರಿ ಮಾಡಿದ್ದು?"

ಶಿವಲೀಲಾ "ಅಕ್ಕಾರು ಮತ್ತ ನಾನು ಕೂಡಿ" ಎಂದಳು. ನನ್ನ ಮಾನ ಕಾಪಾಡಲು ಹಾಗೆಂದಳು. ಅದರಿಂದ ನನಗೆ ಇನ್ನೂ ಉರಿಯಿತು. ಸಂಜೆ ಹೊತ್ತಿಗೆ ಮೇಡಂಗೆ ನಿಜ ಗೊತ್ತಾಗಿತ್ತು. ಯಾರೋ ಅತಿಥಿಗಳು ಬಂದಿದ್ದರು. ಮೇಡಂ ಅವರನ್ನು ನನ್ನ ಕುರ್ಚಿ ದಾಟಿಸಿ ಅವಳ ಕುರ್ಚಿಯ ಹತ್ತಿರ ಕರೆದೊಯ್ದು, "ಬಂದು ಎರಡ್ ತಿಂಗ್ಳೂ ಆಗಿಲ್ಲ, ನೋಡಿ" ಎಂದರು. ನಾನು ಪರದೆಯತ್ತ ಮುಖ ಮಾಡಿ ಏನೋ ಟೈಪ್ ಮಾಡುತ್ತಿರುವಂತೆ ಬೆರಳಾಡಿಸಿದೆ.

ಅದಾಗಿ ಹತ್ತು ದಿನಕ್ಕೆ ಲೆಕ್ಕದ ಪುಸ್ತಕ ಯಂತ್ರಕ್ಕೆ ಹೋಯಿತು. ಗೋವಿಂದಪ್ಪನವರಿಗೆ ಜ್ವರ, ವಾರದಿಂದ ರಜೆ. ಶಾಲೆಯಿಂದ ದಿನಕ್ಕೆರಡು ಫೋನು: ತರಗತಿ ಶುರುವಾಗಿ ತಿಂಗಳಾಯಿತು, ಮಕ್ಕಳ ಕೈಯಲ್ಲಿ ಪುಸ್ತಕವಿಲ್ಲ. ಮಧ್ಯಾಹ್ನ ಮೂರರ ಹೊತ್ತು. ಮೋಡ ಸ್ವಲ್ಪ ಸರಿದು ಕಿಟಕಿಯಿಂದ ಓರೆ ಬಿಸಿಲು ಬಿದ್ದಿತ್ತು. ಯಂತ್ರ ಕಟಕಟ ಎಂದು ಮೊದಲ ಹಾಳೆಗಳನ್ನು ಉಗುಳಿತು. ಶಿವಲೀಲಾ ಅವನ್ನು ಜೋಡಿಸುತ್ತಿದ್ದಳು. ಅವಳಿಗಿನ್ನೂ ಬ್ರೈಲ್ ಬರುತ್ತಿರಲಿಲ್ಲ, ನಾಲ್ಕೈದು ಅಕ್ಷರ ಕಲಿತಿದ್ದಳು ಅಷ್ಟೆ. ನಾನು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದೆ.

ಕೂಡುವ ಲೆಕ್ಕ. ಮೇಲೆ ಮುನ್ನೂರ ಹನ್ನೆರಡು, ಕೆಳಗೆ ಕೂಡು ಚಿಹ್ನೆ ಮತ್ತು ನಲವತ್ತೈದು. ಎರಡರ ಕೆಳಗೆ ಐದು, ಒಂದರ ಕೆಳಗೆ ನಾಲ್ಕು ಕೂರಬೇಕು. ಆದರೆ ಮೇಲಿನ ಸಾಲಿನ ತಲೆಯಲ್ಲಿದ್ದ ಎರಡು ಖಾಲಿ ಜಾಗ ಹಾರಿಹೋಗಿ ಮುನ್ನೂರ ಹನ್ನೆರಡು ಎಡಕ್ಕೆ ಜಾರಿ ಅಂಚಿಗೆ ಅಂಟಿಕೊಂಡಿತ್ತು. ನಲವತ್ತೈದು ಬಲಗಡೆ ಒಂಟಿಯಾಗಿ ನಿಂತಿತ್ತು. ಒಂದರ ಕೆಳಗೂ ಒಂದಿಲ್ಲ.

ಯಾಕೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಉದ್ಧರಣ ಚಿಹ್ನೆಯ ವಿಷಯದಲ್ಲಿ ಮುಖಭಂಗವಾದ ಮೇಲೆ ನಾನು ಪುಸ್ತಕ ಹಿಡಿದು ಕೂತು ಎಲ್ಲ ಓದಿಕೊಂಡಿದ್ದೆ. ಸಾಲನ್ನು ಓದಿಕೊಳ್ಳುವ ಆಜ್ಞೆ ಸಾಲಿನ ತಲೆ ಬಾಲದ ಖಾಲಿ ಜಾಗವನ್ನು ತಾನೇ ಕತ್ತರಿಸುತ್ತದೆ. ಹಾಗೆ ಮಾಡಬೇಡ ಎನ್ನಲು ಅದರ ಮುಂದೆ ಐ, ಎಫ್, ಎಸ್ ಎಂಬ ಮೂರಕ್ಷರ ಮತ್ತು ಒಂದು ಸಮ ಚಿಹ್ನೆ ಬರೆಯಬೇಕು. ಗೂಡಿಗೆ ಹೋಗುವ ಮೊದಲೇ ಜಾಗ ಹೋಗಿದ್ದರೆ ಆಮೇಲೆ ಎಷ್ಟು ಚಿಹ್ನೆ ಹಾಕಿದರೇನು? ಪದ್ಯದ ಸಾಲುಗಳೆಲ್ಲ ಅಂಚಿನಿಂದಲೇ ಶುರುವಾಗುತ್ತಿದ್ದರಿಂದ ಅಲ್ಲಿ ಇದು ಕಾಣಿಸಿರಲಿಲ್ಲ. ಸರಿಪಡಿಸಲು ಅರ್ಧ ನಿಮಿಷ ಸಾಕಿತ್ತು.

"ಅಕ್ಕಾರ, ಸರಿ ಬಂದದಲ್ರಿ?" ಎಂದಳು ಶಿವಲೀಲಾ, ಹಾಳೆ ಜೋಡಿಸುತ್ತಲೇ.

ನಾನು ಹಾಳೆಯನ್ನು ಕಟ್ಟಿನ ಮೇಲಿಟ್ಟು, "ಹೂಂ, ಬಂದಿದೆ" ಎಂದೆ.

ಒಂದು ಸಲ ಅವಳೂ ಎಡವಲಿ. ಒಂದೇ ಸಲ. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಮಕ್ಕಳು ನೆನಪಿಗೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದರು, ಆದರೆ ಗೋವಿಂದಪ್ಪನವರು ವಾಪಸು ಬಂದು ಕರಡು ಮುಟ್ಟುತ್ತಾರೆ, ಪುಸ್ತಕ ಹೊರಗೆ ಹೋಗುವುದಿಲ್ಲ ಎಂದುಕೊಂಡೆ. ಮರುದಿನ ಮೇಡಂ, "ಗೋವಿಂದಪ್ಪೋರು ಇನ್ನೂ ನಾಲ್ಕ್ ದಿನ ಬರಲ್ವಂತೆ. ನೀನ್ ನೋಡಿದ್ಯಲ್ಲ ಮಂಜುಳಾ, ಕಳಿಸ್ಬೋದಾ?" ಎಂದು ಕೇಳಿದರು. ಇಲ್ಲ ಎನ್ನಲು ಅದು ಎರಡನೆಯ ಅವಕಾಶ. "ಕಳಿಸ್ಬೋದು ಮೇಡಂ. ಶಿವಲೀಲಾ ಸ್ಕ್ರಿಪ್ಟ್ ಸರಿ ಮಾಡಿದ್ದಾಳಲ್ಲ" ಎಂದೆ. ಮೂವತ್ತು ಪ್ರತಿಗಳು ಟಾರ್ಪಾಲು ಹೊದ್ದು ಟೆಂಪೋದಲ್ಲಿ ದೊಡ್ಡಬಳ್ಳಾಪುರ ರಸ್ತೆಯ ಶಾಲೆಗೆ ಹೋದವು.

ಎರಡು ವಾರಕ್ಕೆ ಶಾಲೆಯಿಂದ ಫೋನು ಬಂತು. ಮೇಡಂ ಮಾತಾಡುತ್ತಾ ಮಾತಾಡುತ್ತಾ ಕುರ್ಚಿಯ ಮೇಲೆ ಕುಸಿದರು. ಮಕ್ಕಳು ಮಾಡಿದ ಲೆಕ್ಕವೆಲ್ಲ ತಪ್ಪು. ಮಾಸ್ತರು ಮೊದಲು ಮಕ್ಕಳನ್ನೇ ಬೈದರಂತೆ, ಕೊನೆಗೆ ಒಂದು ದಿನ ಪುಸ್ತಕ ತಮ್ಮ ಕೈಗೆ ತೆಗೆದುಕೊಂಡು ನೋಡಿದರಂತೆ. ಶಿವಲೀಲಾ ಕಂಪ್ಯೂಟರ್ ಮುಂದೆ ಕೂತವಳು ಒಂದು ಗಂಟೆಯಲ್ಲಿ ಕಾರಣ ಹುಡುಕಿದಳು. ಎದ್ದು ಬಂದು ಮೇಡಂ ಮುಂದೆ ನಿಂತಳು.

"ತಪ್ಪು ನಂದೈತ್ರಿ ಮೇಡಂ. ನಾ ಪದ್ಯದ ಮ್ಯಾಲಷ್ಟ ಪರೀಕ್ಷೆ ಮಾಡಿದ್ದೆ. ಲೆಕ್ಕದ್ದು ನೋಡ್ಬೇಕಿತ್ತು."

ಮೇಡಂ ಬೈಯಲಿಲ್ಲ. "ಆಯ್ತು ಹೋಗಮ್ಮಾ" ಎಂದರು, ಅವಳ ಮುಖ ನೋಡದೆ. ನಾನು ಬಯಸಿದ್ದು ಇದನ್ನೇ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನನ್ನನ್ನು ದಾಟಿ ಹೋದಾಗ ನನಗೆ ಸಂತೋಷವಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ. ಅದು ಆಯಿತೆಂಬುದೇ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಾಲ್ಕು ದಿನವೆಂದಿದ್ದ ಜ್ವರ ವಾರಗಟ್ಟಲೆ ಎಳೆದು, ಗೋವಿಂದಪ್ಪನವರು ಕೊನೆಗೂ ಎದ್ದು ಬಂದರು. ಅಂಗಿ ಸಡಿಲವಾಗಿತ್ತು. ಶಾಲೆಯಿಂದ ವಾಪಸು ಬಂದ ಒಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟ ಮುಟ್ಟಿದರು. ಬಹಳ ಹೊತ್ತು ಬೆರಳು ಅದೇ ಲೆಕ್ಕದ ಮೇಲೆ ಸುತ್ತಿತು.

"ಈ ಹಾಳೆ ಮೆಷಿನ್ನಿಂದ ಬಂದಾಗ ಯಾರಿದ್ರು?"

"ನಾ ಇದ್ದೆ ಸರ್. ಅಕ್ಕಾರೂ ಇದ್ರು" ಎಂದಳು ಶಿವಲೀಲಾ. ಅವಳ ದನಿಯಲ್ಲಿ ದೂರು ಇರಲಿಲ್ಲ.

ಅವರು ನಾನಿದ್ದ ಕಡೆಗೆ ಮುಖ ತಿರುಗಿಸಿದರು. ಕಾದರು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಾ ಹೋದ. "ಸರಿ" ಎಂದು ಪುಸ್ತಕ ಮುಚ್ಚಿದರು. ಆ ದಿನದ ನಂತರ ಮೆಟ್ಟಿಲ ಮೇಲೆ ನನ್ನ ಹೆಜ್ಜೆ ಕೇಳಿದರೂ ಮಾತಾಡಿಸುವುದು ನಿಂತಿತು.

ಹೊಸ ಪ್ರತಿಗಳು ತಯಾರಾದವು. ಯಾರಾದರೂ ಹೋಗಿ ಮಕ್ಕಳ ಕೈಗೇ ಕೊಟ್ಟು ತಪ್ಪಾಯಿತೆಂದು ಹೇಳಿ ಬರಬೇಕು ಎಂದು ಮೇಡಂ ಹೇಳಿದರು. ಶಿವಲೀಲಾ ತಾನು ಹೋಗುತ್ತೇನೆಂದಳು. ಬ್ರೈಲ್ ಓದುವವರೊಬ್ಬರು ಇರಲೆಂದು ನನ್ನನ್ನೂ ಕಳಿಸಿದರು. ಯಲಹಂಕದಲ್ಲಿ ಬಸ್ಸು ಬದಲಿಸಿ, ರಾಜಾನುಕುಂಟೆ ದಾಟಿ, ಜಿನುಗುವ ಮಳೆಯಲ್ಲಿ ಶಾಲೆ ತಲುಪಿದೆವು.

ನಾಲ್ಕನೆಯ ತರಗತಿಯಲ್ಲಿ ಚಂದ್ರಿಕಾ ಎಂಬ ಹುಡುಗಿಯನ್ನು ಮಾಸ್ತರು ಮುಂದೆ ಕರೆದರು. "ಪುಸ್ತಕ ಸರಿಯಿಲ್ಲ ಅಂತ ಮೊದ್ಲು ಹೇಳಿದ್ದು ಇವ್ಳೇ. ನಾನೇ ನಂಬ್ಲಿಲ್ಲ" ಎಂದರು. ಒಣಗಿದ ಕಡ್ಡಿಯಂಥ ಹುಡುಗಿ, ದೊಡ್ಡ ದನಿ.

"ನಾನ್ ಆಗ್ಲೇ ಏಳ್ದೆ ಮಿಸ್. ಮೇಲ್ಗಡೇದು ಎಲ್ಲೋ ಐತೆ, ಕೆಳ್ಗಡೇದು ಎಲ್ಲೋ ಐತೆ, ಇಂಗೆ ಎಂಗ್ ಕೂಡದು ಅಂತ. ಇರೋದ್ನ ಇದ್ದಂಗೇ ಕೂಡು ಅಂದ್ರು. ಕೂಡ್ದೆ. ಮೂವತ್ತೊಂದ್ ಸಾವ್ರದ ಇನ್ನೂರ ನಲವತ್ತೈದು ಬಂತು."

ಸಾಲಾಗಿ ಕೂತಿದ್ದ ಮಕ್ಕಳು ನಕ್ಕರು. ಅವಳು ನಗಲಿಲ್ಲ. "ಟೆಸ್ಟಲ್ಲಿ ಸೊನ್ನೆ. ನಂಗೆ ತಲೆ ಇಲ್ಲ, ಲೆಕ್ಕ ಬುಟ್ಬುಡ್ತೀನಿ ಅಂತ ಅವ್ವಂಗೆ ಫೋನಲ್ಲಿ ಏಳ್ಬುಟ್ಟೆ."

ಮುನ್ನೂರ ಹನ್ನೆರಡರ ಪಕ್ಕ ನಲವತ್ತೈದು. ಅವಳ ಬೆರಳಿಗೆ ಸಿಕ್ಕಿದ್ದನ್ನು ಅವಳು ಸರಿಯಾಗಿಯೇ ಕೂಡಿದ್ದಳು.

ಶಿವಲೀಲಾ ನೆಲದ ಮೇಲೆ ಮಂಡಿಯೂರಿ ಅವಳ ಎರಡೂ ಕೈ ಹಿಡಿದುಕೊಂಡಳು. "ನಿನಗ ತಲಿ ಐತವ್ವಾ. ತಪ್ಪು ಪುಸ್ತಕದ್ದು. ಆ ಪುಸ್ತಕ ಮಾಡ್ದಾಕಿ ನಾನ. ನನ್ನ ತಪ್ಪು" ಎಂದಳು. ಹುಡುಗಿ ಅವಳ ಬಳೆ ಮುಟ್ಟಿ ನೋಡಿದಳು, ಕೈ ಮುಟ್ಟಿ ನೋಡಿದಳು. ಹೊಸ ಪುಸ್ತಕದ ಮೊದಲ ಪುಟ ತೆರೆದು ಅಲ್ಲೇ ನಿಂತು ಕೂಡಿ, "ಮುನ್ನೂರ ಐವತ್ತೇಳು!" ಎಂದು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿ ನಿಂತೂ ನನಗೆ ಹೊಟ್ಟೆಕಿಚ್ಚಾಯಿತು. ಆ ಹುಡುಗಿ ಅವಳ ಕೈ ಬಿಡಲಿಲ್ಲವಲ್ಲ ಎಂದು. ಮೊದಲ ಬಾರಿಗೆ ಅದರ ವಾಸನೆ ನನ್ನ ಮೂಗಿಗೇ ಹೊಡೆಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಪಕ್ಕಪಕ್ಕದಲ್ಲಿ ಸೀಟು ಸಿಕ್ಕಿತು. ಯಲಹಂಕ ದಾಟಿದ ಮೇಲೆ ಹೇಳಿದೆ.

"ಶಿವಲೀಲಾ, ಆವತ್ತು ಹಾಳೆ ನೋಡಿದಾಗ್ಲೇ ನಂಗೆ ಗೊತ್ತಾಗಿತ್ತು."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ನಾ ಕೇಳಿದ್ನಲ್ರಿ. ಸರಿ ಬಂದದ ಅಂದ್ರಿ."

"ಹೂಂ."

"ಯಾಕ್ರಿ?"

"ಹೊಟ್ಟೆಕಿಚ್ಚು."

ಅವಳು ನನ್ನನ್ನೇ ನೋಡಿದಳು. "ನನ್ನ ಮ್ಯಾಲ? ಒಂದ್ ಖೋಲ್ಯಾಗ ನಾಕ್ ಮಂದಿ ಇರ್ತೀವ್ರಿ ನಾವು. ಈ ಊರಾಗ ನಿಮ್ಮನ್ನ ಬಿಟ್ರ ನನಗ ಅಕ್ಕಾರ ಅನ್ನಾಕ ಯಾರೂ ಇಲ್ಲ. ನನ್ನ ಕಡೆ ಏನೈತಂತ ಹೊಟ್ಟಿಕಿಚ್ಚ್ ಪಟ್ರಿ?"

ಹೇಳಲು ಹೊರಟೆ: ಹಾಡು, ತಾಳ ಹಾಕಿದ ಎಡಗೈ, ಚಪ್ಪಲಿಯ ಸಪ್ಪಳ. ಬಾಯಿಗೆ ಬರುವ ಮೊದಲೇ ಅವೆಲ್ಲ ಎಷ್ಟು ಸಣ್ಣವಾಗಿದ್ದವೆಂದರೆ ಹೇಳಲಾಗಲಿಲ್ಲ. ಜಕ್ಕೂರಿನಲ್ಲಿ ಬಸ್ಸು ನಿಂತಿತು. ಅವಳು ಇಳಿಯಬೇಕಾದ ಜಾಗ ಇನ್ನೂ ಮುಂದಿತ್ತು. ಎದ್ದು, ಮಳೆಯಲ್ಲೇ ಇಳಿದುಹೋದಳು.

ಮರುದಿನ ಬೆಳಗ್ಗೆ ಮೇಡಂ ಮತ್ತು ಗೋವಿಂದಪ್ಪನವರನ್ನು ಒಟ್ಟಿಗೆ ಕೂರಿಸಿ ಎಲ್ಲ ಹೇಳಿದೆ. ಮೇಡಂ, "ಸ್ಕ್ರಿಪ್ಟು ಇನ್ಮೇಲೆ ಶಿವಲೀಲಾ ನೋಡ್ಕೊಳ್ಲಿ. ನೀನು ಟೈಪ್ ಆಗಿರೋದನ್ನ ಚೆಕ್ ಮಾಡು" ಎಂದರು. ಕೆಲಸ ಬಿಡು ಎಂದಿದ್ದರೆ ಸುಲಭವಾಗುತ್ತಿತ್ತು.

ಗೋವಿಂದಪ್ಪನವರು ಕೋಲು ಹುಡುಕಿಕೊಂಡು ಎದ್ದರು. "ನಂಗೆ ಜನರ ಮುಖ ನೋಡಿ ತಿಳ್ಕೊಳಕ್ಕಾಗಲ್ಲಮ್ಮ. ಅವರು ಹೇಳಿದ್ದನ್ನೇ ನಂಬ್ಬೇಕು. ನೀನು ಹೂಂ ಅಂದ್ರೆ ಹೂಂ ಅಂತ ಏಳು ವರ್ಷ ನಂಬಿದೀನಿ" ಎಂದರು. ಬೈಗುಳದ ದನಿಯಲ್ಲ, ಲೆಕ್ಕ ಒಪ್ಪಿಸುವವರ ದನಿ. ಆಮೇಲೆ ಬಾಗಿಲ ಬಳಿ ನಿಂತು, "ಇವತ್ತಾದ್ರೂ ಹೇಳ್ದೆ" ಎಂದು ಹೋದರು.

ಮಳೆಗಾಲ ಹೀಗೇ ಕಳೆಯಿತು. ಮಧ್ಯಾಹ್ನದ ಓದು ಶಿವಲೀಲಾಗೆ, ಸ್ಕ್ರಿಪ್ಟೂ ಅವಳಿಗೆ. ನನ್ನೊಡನೆ ಅವಳು ಕೆಲಸದ ಮಾತಷ್ಟೇ ಆಡುತ್ತಿದ್ದಳು. "ಅಕ್ಕಾರ" ಎಂಬುದನ್ನು ಬಿಟ್ಟು, "ನೋಡ್ರಿ, ಈ ಫೈಲ್ ಆತೇನ್ರಿ?" ಎನ್ನುತ್ತಿದ್ದಳು. ಗೋಡೆಯಾಚೆಯಿಂದ ಅವಳ ಹಾಡು ಕೇಳುತ್ತಿತ್ತು. ಹೊಟ್ಟೆಕಿಚ್ಚು ಹೋಯಿತೆಂದು ಹೇಳಲಾರೆ. ಅದು ಅಲ್ಲೇ ಇತ್ತು. ಅದು ಎದ್ದಾಗ ನಾನು ಎದ್ದು ಕಾಗದದ ಬೀರುವಿನ ಹತ್ತಿರ ಹೋಗಿ ಹಾಳೆ ಎಣಿಸುತ್ತಾ ನಿಲ್ಲುತ್ತಿದ್ದೆ.

ದೀಪಾವಳಿ ಕಳೆದ ವಾರ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ವಿಳಾಸ ಮಾಸ್ತರ ಕೈಬರಹದಲ್ಲಿ: ಶಿವಲೀಲಾ ಅಕ್ಕನಿಗೆ. ಒಳಗೆ ಎರಡು ಹಾಳೆ ಬ್ರೈಲು. ಅವಳಿಗೆ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಲಷ್ಟೇ ಬರುತ್ತಿತ್ತು, ಮಗುವಿನ ಬರವಣಿಗೆಯ ಚುಕ್ಕಿ ಬೇರೆ ಸೊಟ್ಟ. ಗೋವಿಂದಪ್ಪನವರು ಆ ದಿನ ಬಂದಿರಲಿಲ್ಲ. ನಾಳೆಯವರೆಗೆ ಕಾಯಬಹುದಿತ್ತು. ಅವಳು ಹಾಳೆ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ನನ್ನ ಮೇಜಿನ ಮೇಲಿಟ್ಟಳು.

"ಓದ್ರಿ" ಎಂದಳು. ಆಮೇಲೆ, "ಇದ್ದದ್ದು ಇದ್ದಂಗ."

ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದು ಓದಿದೆ.

"ಶಿವಲೀಲಾ ಅಕ್ಕನಿಗೆ ಚಂದ್ರಿಕಾ ಮಾಡುವ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಾ? ಲೆಕ್ಕದಲ್ಲಿ ಇಪ್ಪತ್ತಕ್ಕೆ ಹದಿನೇಳು ಬಂತು. ಅವ್ವನಿಗೆ ಹೇಳಿದೆ. ಶಿವಲೀಲಾ ಅಕ್ಕ ತಪ್ಪು ತನ್ನದು ಅಂದಿದ್ದಕ್ಕೆ ಮಾಸ್ತರೂ ನನಗೆ ತಪ್ಪಾಯ್ತು ಅಂದರು. ದೊಡ್ಡವರು ಹಾಗೆ ಅಂದಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ನಿಮ್ಮ ಬಳೆ ಚೆನ್ನಾಗಿತ್ತು. ನಿಮ್ಮ ಜೊತೆ ಬಂದಿದ್ದ ಇನ್ನೊಬ್ಬರು ಮಾತೇ ಆಡಲಿಲ್ಲ. ಅವರಿಗೆ ನಮ್ಮ ಮೇಲೆ ಸಿಟ್ಟಾ? ಮತ್ತೆ ಬನ್ನಿ. ಶಿವಲೀಲಾ ಅಕ್ಕ ಬಂದರೆ ಗುಣಾಕಾರ ತೋರಿಸುತ್ತೇನೆ."

ಇನ್ನೊಬ್ಬರ ವಿಷಯ ಬಂದ ಸಾಲನ್ನೂ ಬಿಡದೆ ಓದಿದೆ.

"ಇನ್ನೊಮ್ಮೆ ಓದ್ರಿ" ಎಂದಳು ಶಿವಲೀಲಾ. ಓದಿದೆ.

ಆಮೇಲೆ ನನ್ನ ಪಕ್ಕಕ್ಕೆ ಬಂದು ಹಾಳೆಯ ಮೇಲೆ ಬಗ್ಗಿದಳು. "ಇದರಾಗ ನನ್ನ ಹೆಸರು ಎಲ್ಲೈತ್ರಿ?"

ಅವಳ ತೋರುಬೆರಳು ಹಿಡಿದು ಚುಕ್ಕಿಗಳ ಮೇಲಿಟ್ಟೆ. ಅವಳ ಹೆಸರು ಮೂರು ಕಡೆ ಇತ್ತು. ಮೂರೂ ಕಡೆ ತೋರಿಸಿದೆ.